ಲ್ಯಾಂಡ್ ರೋವರ್: ಕೈಯಿಂದ ಕೈಗೆ ದಾಟಿದ ಬ್ರಿಟಿಷ್ ಬ್ರ್ಯಾಂಡ್

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಉಕ್ಕಿನ ಅಭಾವವಿತ್ತು. ಹಾಗಾಗಿ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ರೂಪಿಸಿದ ಲ್ಯಾಂಡ್ ರೋವರ್‌ಗೆ ಅಲ್ಯೂಮಿನಿಯಂ ಮಿಶ್ರಲೋಹದ ಹೊರಮೈ, ಸೇನೆಯಲ್ಲಿ ಮಿಕ್ಕಿದ್ದ ಹಸಿರು ಬಣ್ಣ. 1948ರ ಆಮ್‌ಸ್ಟರ್‌ಡ್ಯಾಮ್ ವಾಹನ ಪ್ರದರ್ಶನದಲ್ಲಿ ಅದು ಅನಾವರಣಗೊಂಡಿತು. ಒಡೆತನ 1994ರಲ್ಲಿ ಬಿಎಂಡಬ್ಲ್ಯುಗೆ, 2000ದಲ್ಲಿ ಫೋರ್ಡ್‌ಗೆ ಹೋಯಿತು. 2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರ್ ಜತೆಗೆ ಇದನ್ನು 230 ಕೋಟಿ ಡಾಲರಿಗೆ ಕೊಂಡಿತು. ಬೆನ್ನಿಗೇ ಆರ್ಥಿಕ ಹಿಂಜರಿತ ಬಂದು ಮಾರಾಟ ಕುಸಿದಾಗ, ಸಂಸ್ಥೆ ಉಳಿಯುವುದೇ ಅನುಮಾನವಾಗಿತ್ತು. ಟಾಟಾ ಕೈಬಿಡದೆ ಹಣ ಹೂಡಿದ್ದು ನಿಜಕ್ಕೂ ದೊಡ್ಡ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಸೈಬರ್ ದಾಳಿಯಿಂದ ಸಂಸ್ಥೆಯ ಉತ್ಪಾದನೆ ವಾರಗಟ್ಟಲೆ ನಿಂತಿತು. ಆಗ ಬ್ರಿಟಿಷ್ ಸರ್ಕಾರ ಅದರ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನೀಡಿತು. ಬ್ರ್ಯಾಂಡ್ ಬ್ರಿಟಿಷ್ ಆದರೂ ಅದರ ಹೊಸ ಡಿಫೆಂಡರ್ ಮಾದರಿ ತಯಾರಾಗುವುದು ಇಂಗ್ಲೆಂಡಿನ ಸೊಲಿಹಲ್‌ನಲ್ಲಲ್ಲ, ಸ್ಲೊವಾಕಿಯಾದ ನಿತ್ರಾದಲ್ಲಿ.