ಮಗುವಿನ ಔಷಧ: ಅಳತೆ ತಪ್ಪದಿರಲಿ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮದ್ರಸದಲ್ಲಿ ಕಲಿಯುತ್ತಿದ್ದ ಒಂಬತ್ತು ವರ್ಷದ ಬಾಲಕನೊಬ್ಬ ಎರಡು ವಾರ ತರಗತಿಗೆ ಬರಲಿಲ್ಲ. ವಿಚಾರಿಸೋಣವೆಂದು ಮನೆಗೆ ಹೋದೆ. ಹುಡುಗ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದ. ಮಂಡಿ ಊದಿಕೊಂಡಿತ್ತು. ಮೊದಲು ಒಂದು ಮಂಡಿಯಲ್ಲಿದ್ದ ನೋವು ಈಗ ಇನ್ನೊಂದಕ್ಕೆ ಬಂದಿದೆ ಎಂದು ಅವನ ಉಮ್ಮ ಹೇಳಿದರು. ಅದಕ್ಕೆ ಸುಮಾರು ಮೂರು ವಾರ ಮೊದಲು ಅವನಿಗೆ ಜ್ವರ ಮತ್ತು ಗಂಟಲು ನೋವು ಬಂದಿತ್ತು. ವೈದ್ಯರು ಹತ್ತು ದಿನ ಕೊಡಬೇಕೆಂದು ಹೇಳಿ ಸಿರಪ್ ಬರೆದಿದ್ದರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು, ಹುಡುಗ ಆಡಲು ಓಡಿದ. ಉಳಿದ ಔಷಧವನ್ನು ತಾಯಿ ಜೋಪಾನವಾಗಿ ಎತ್ತಿಟ್ಟರು.

"ಉಸ್ತಾದರೇ, ಇನ್ನೊಮ್ಮೆ ಜ್ವರ ಬಂದರೆ ಬೇಕಾಗುತ್ತದಲ್ಲಾ ಎಂದು ಇಟ್ಟೆ. ದುಡ್ಡು ಕೊಟ್ಟು ತಂದದ್ದನ್ನು ಸುಮ್ಮನೆ ಮುಗಿಸುವುದು ಹೇಗೆ?" ಎಂದು ಆಕೆ ಕಣ್ಣೊರೆಸಿಕೊಂಡರು.

ವೈದ್ಯರು ಅದನ್ನು ರುಮ್ಯಾಟಿಕ್ ಜ್ವರ ಎಂದು ಗುರುತಿಸಿದರು. ಗಂಟಲಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ, ಅದಕ್ಕೆ ಸರಿಯಾದ ಚಿಕಿತ್ಸೆ ದೊರೆಯದಿದ್ದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ನಂತರ ಈ ರೋಗ ತಲೆದೋರುತ್ತದೆ. 5ರಿಂದ 15 ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಕೀಲು ನೋವು ವಾಸಿಯಾಗುತ್ತದೆ, ಆದರೆ ಹೃದಯದ ಕವಾಟಗಳಿಗೆ ಪೆಟ್ಟು ಬಿದ್ದರೆ ಅದು ಜೀವನಪರ್ಯಂತ ಉಳಿಯಬಹುದು. ಆ ಹುಡುಗ ಅಲ್ಲಾಹನ ಕೃಪೆಯಿಂದ ತರಗತಿಗೆ ಮರಳಿದ. ಆದರೆ ರೋಗ ಮರುಕಳಿಸದಂತೆ 21 ದಿನಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಪಡೆಯುವುದು ಅವನಿಗೆ ವರ್ಷಗಳ ಕಾಲದ ಕರ್ತವ್ಯವಾಯಿತು.

ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಅವರಿಗೆ ತಿಳಿಸಿ ಹೇಳುವವರಿರಲಿಲ್ಲ, ಅಷ್ಟೇ. ಈ ತಿಂಗಳ ಪಾಠವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇನೆ.

ಔಷಧ ಮತ್ತು ಭರವಸೆ

ರೋಗವನ್ನು ಇಳಿಸಿದ ಅಲ್ಲಾಹನು ಅದಕ್ಕೆ ಔಷಧವನ್ನೂ ಇಳಿಸಿದ್ದಾನೆಂದೂ ಔಷಧ ಮಾಡಬೇಕೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಆದ್ದರಿಂದ ಔಷಧ ಕೊಡುವುದು ತವಕ್ಕುಲ್‌ಗೆ ವಿರುದ್ಧವಲ್ಲ. ದುಆ ಮಾಡುವ ನಾಲಗೆಯೂ ಔಷಧ ಅಳೆಯುವ ಕೈಯೂ ಜೊತೆಯಾಗಿಯೇ ನಡೆಯಬೇಕು. ಮಗು ನಮ್ಮ ಸೊತ್ತಲ್ಲ, ನಮ್ಮ ಬಳಿಯಿರುವ ಅಮಾನತ್. ಅಳತೆಯಲ್ಲಿ ಕಡಿತ ಮಾಡುವವರನ್ನು ಪವಿತ್ರ ಕುರ್‌ಆನ್‌ನ 83ನೆಯ ಅಧ್ಯಾಯ ಕಠಿಣವಾಗಿ ಎಚ್ಚರಿಸುತ್ತದೆ. ಅಲ್ಲಿರುವುದು ವ್ಯಾಪಾರದ ಮಾತು, ನಿಜ. ಆದರೆ ಅಂಗಡಿಯ ತಕ್ಕಡಿಯಲ್ಲಿ ಎಚ್ಚರ ವಹಿಸುವ ನಾವು ಮಗುವಿನ ಔಷಧದ ಅಳತೆಯಲ್ಲಿ ಅಸಡ್ಡೆ ತೋರಿಸಬಹುದೇ?

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಆ್ಯಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳ ವಿರುದ್ಧ ಮಾತ್ರ ಕೆಲಸ ಮಾಡುತ್ತವೆ. ನೆಗಡಿ, ಫ್ಲೂ, ಮಕ್ಕಳ ಬಹುಪಾಲು ಕೆಮ್ಮು ಮತ್ತು ಭೇದಿ, ಅನೇಕ ಗಂಟಲು ನೋವುಗಳು ವೈರಸ್‌ನಿಂದ ಬರುವಂಥವು. ಅವುಗಳಿಗೆ ಈ ಸಿರಪ್ ಕೊಟ್ಟರೆ ರೋಗ ಒಂದು ದಿನ ಮೊದಲೂ ಹೋಗದು. ನ್ಯುಮೋನಿಯಾ, ಮೂತ್ರದ ಸೋಂಕು, ಕೀವು ತುಂಬಿದ ಕಿವಿ ನೋವು, ಮೇಲೆ ಹೇಳಿದಂಥ ಗಂಟಲಿನ ಸೋಂಕು ಮುಂತಾದವುಗಳಲ್ಲಿ ಇದು ಬೇಕಾಗಬಹುದು. ಯಾವುದು ಯಾವುದೆಂದು ತೀರ್ಮಾನಿಸುವವರು ವೈದ್ಯರೇ ಹೊರತು ನಾವಲ್ಲ, ಔಷಧದಂಗಡಿಯವರೂ ಅಲ್ಲ. "ಡಾಕ್ಟರೇ, ಸ್ವಲ್ಪ ಸ್ಟ್ರಾಂಗ್ ಔಷಧ ಬರೆಯಿರಿ" ಎಂದು ಒತ್ತಾಯಿಸಬೇಡಿ. ಆ್ಯಂಟಿಬಯಾಟಿಕ್ ಬರೆಯದೆ ಕಳುಹಿಸಿದ ವೈದ್ಯರು ನಿಮ್ಮ ಮಗುವಿಗೆ ಉಪಕಾರವನ್ನೇ ಮಾಡಿರಬಹುದು.

ಸೀಸೆಯ ಮೇಲಿನ ಅಂಕೆ

ಮಕ್ಕಳಿಗೆ ಔಷಧದ ಪ್ರಮಾಣವನ್ನು ನಿರ್ಧರಿಸುವುದು ಮುಖ್ಯವಾಗಿ ತೂಕ ನೋಡಿ. ಆದ್ದರಿಂದ ಅಣ್ಣನ ಪ್ರಮಾಣ ತಮ್ಮನಿಗಲ್ಲ, ಕಳೆದ ವರ್ಷದ ಪ್ರಮಾಣ ಈ ವರ್ಷಕ್ಕಲ್ಲ. ಒಂದೇ ಹೆಸರಿನ ಔಷಧ ಬೇರೆ ಬೇರೆ ಶಕ್ತಿಯಲ್ಲಿ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. ಅಮಾಕ್ಸಿಸಿಲಿನ್ ಸಿರಪ್‌ನ ಒಂದು ಸೀಸೆಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಔಷಧವಿದ್ದರೆ ಇನ್ನೊಂದರಲ್ಲಿ ಅಷ್ಟೇ 5 ಮಿ.ಲೀ.ಗೆ 250 ಮಿ.ಗ್ರಾಂ ಇರುತ್ತದೆ. ಸೀಸೆ ಬದಲಾದರೆ ಒಂದೇ ಮುಚ್ಚಳದಲ್ಲಿ ಎರಡು ಪಟ್ಟು ಔಷಧ ಹೋಗುತ್ತದೆ! ಹಸುಳೆಗಳಿಗೆ ಕೊಡುವ ಡ್ರಾಪ್ಸ್ ಇನ್ನೂ ಗಾಢ. ಅದನ್ನು ಅದರ ಜೊತೆ ಬಂದ ಡ್ರಾಪರ್‌ನಲ್ಲಲ್ಲದೆ ಬೇರೆ ಯಾವುದರಲ್ಲೂ ಅಳೆಯಬಾರದು. ಅಂಗಡಿಯಲ್ಲಿಯೇ ವೈದ್ಯರ ಚೀಟಿಯನ್ನೂ ಸೀಸೆಯನ್ನೂ ಒಟ್ಟಿಗೆ ಹಿಡಿದು ಹೆಸರು, ಶಕ್ತಿ, ಅವಧಿ ಮುಗಿಯುವ ತಾರೀಕು ಈ ಮೂರನ್ನೂ ನೋಡಿರಿ. ಓದಲು ಬಾರದಿದ್ದರೆ ಕೇಳುವುದರಲ್ಲಿ ನಾಚಿಕೆಯಿಲ್ಲ.

ನೀರು ಬೆರೆಸುವ ಕ್ರಮ

ಇಂತಹ ಸಿರಪ್‌ಗಳಲ್ಲಿ ಅನೇಕವು ಪುಡಿಯ ರೂಪದಲ್ಲಿ ಬರುತ್ತವೆ. ಮೊದಲ ಮಗುವಿನ ಕಾಲದಲ್ಲಿ ನಾನೇ ಒಮ್ಮೆ ಅವಸರದಲ್ಲಿ ಸೀಸೆಯ ಕತ್ತಿನವರೆಗೆ ಬಿಸಿನೀರು ಸುರಿದುಬಿಟ್ಟಿದ್ದೆ. ಎರಡು ಡಿಗ್ರಿಗಳಿದ್ದವನಿಗೆ ಸೀಸೆಯ ಮೇಲಿನ ಒಂದು ಗೆರೆ ಕಾಣಲಿಲ್ಲ! ನೀರು ಹೆಚ್ಚಾದರೆ ಔಷಧ ತೆಳುವಾಗಿ ಪ್ರಮಾಣ ಸಾಲದು. ಕಡಿಮೆಯಾದರೆ ಗಾಢವಾಗಿ ಪ್ರಮಾಣ ಮೀರುತ್ತದೆ. ಬಿಸಿನೀರು ಔಷಧವನ್ನೇ ಕೆಡಿಸಬಹುದು.

ಸರಿಯಾದ ಕ್ರಮ ಹೀಗೆ. ಕೈ ತೊಳೆದುಕೊಂಡು, ಸೀಸೆಯನ್ನು ಅಂಗೈಗೆ ತಟ್ಟಿ ಪುಡಿಯನ್ನು ಸಡಿಲಗೊಳಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗೆರೆಗಿಂತ ಕೆಳಗೆ, ಸುಮಾರು ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿಯಲಿ. ನಂತರ ಗೆರೆಯವರೆಗೆ ನೀರು ತುಂಬಿ ಮತ್ತೆ ಕುಲುಕಿ. ಸೀಸೆಯ ಜೊತೆ ನೀರಿನ ಚಿಕ್ಕ ಕೊಳವೆಯೂ ಬಂದಿದ್ದರೆ ಆ ನೀರನ್ನೇ ಬಳಸಿ. ಬೆರೆಸಿದ ತಾರೀಕನ್ನು ಲೇಬಲ್‌ನ ಮೇಲೆ ಬರೆಯಿರಿ. ಬೆರೆಸಿದ ಔಷಧ ಹೆಚ್ಚು ದಿನ ಬಾಳುವುದಿಲ್ಲ. ಅನೇಕ ಔಷಧಗಳಿಗೆ 7 ದಿನವೇ ಮಿತಿ. ನಿಮ್ಮ ಸೀಸೆಯ ಮಿತಿ ಅದರ ಲೇಬಲ್‌ನಲ್ಲಿರುತ್ತದೆ.

ಫ್ರಿಜ್‌ನಲ್ಲಿಡಿ ಎಂದಿದ್ದರೆ ಫ್ರಿಜ್‌ನಲ್ಲಿಡಬೇಕು, ಐಸ್ ಕಟ್ಟುವ ಭಾಗದಲ್ಲಲ್ಲ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ನೀರಿನಲ್ಲಿ ಕರಗಿಸಿ ಕುಡಿಸುವ ಮಾತ್ರೆಗಳೂ ಇವೆ. ಹೇಳಲು ಸಂಕೋಚಪಟ್ಟು ಸೀಸೆಯನ್ನು ಸೆಖೆಯ ಅಡುಗೆಮನೆಯಲ್ಲಿಟ್ಟರೆ ನಷ್ಟ ಮಗುವಿಗೆ.

ಚಹಾದ ಚಮಚ ಅಳತೆಯಲ್ಲ

ಒಂದು ಮನೆಯ ಚಮಚ ಇನ್ನೊಂದು ಮನೆಯದರಂತಿಲ್ಲ. ಒಂದರಲ್ಲಿ 5 ಮಿ.ಲೀ.ಗಿಂತ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಗೆರೆಯಿರುವ ಮುಚ್ಚಳ ಅಥವಾ ಸೂಜಿಯಿಲ್ಲದ ಬಾಯಿ ಸಿರಿಂಜ್ ಬಳಸಿರಿ. ಮುಚ್ಚಳವನ್ನು ಸಮತಟ್ಟಾದ ಜಾಗದಲ್ಲಿಟ್ಟು ಕಣ್ಣಿನ ನೇರಕ್ಕೆ ನೋಡಿ ಅಳೆಯಿರಿ. ಔಷಧ ಅಡಿಯಲ್ಲಿ ತಂಗುವುದರಿಂದ ಪ್ರತಿ ಸಲವೂ ಸೀಸೆಯನ್ನು ಕುಲುಕಬೇಕು. ಇಲ್ಲವಾದರೆ ಮೊದಲ ದಿನ ಬರೀ ಸಿಹಿನೀರು, ಕೊನೆಯ ದಿನ ಬರೀ ಔಷಧ ಹೋದಂತಾಗುತ್ತದೆ.

ಮಗುವನ್ನು ಮಲಗಿಸಿ, ಮೂಗು ಹಿಡಿದು ಸುರಿಯಬೇಡಿ. ಶ್ವಾಸನಾಳಕ್ಕೆ ಇಳಿದರೆ ಅಪಾಯ. ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ಹಾಲಿನ ಬಾಟಲಿಗೆ ಬೆರೆಸಬೇಡಿ, ಮಗು ಅರ್ಧ ಹಾಲು ಬಿಟ್ಟರೆ ಅರ್ಧ ಔಷಧವೂ ಉಳಿಯುತ್ತದೆ. ಕಹಿ ಮರೆಸಲು ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸುವುದೂ ಸಲ್ಲದು. "ಮಿಠಾಯಿ ಕೊಡುತ್ತೇನೆ" ಎಂದು ಸುಳ್ಳು ಹೇಳಬೇಡಿ. ಸುಳ್ಳು ಸುಳ್ಳೇ, ಮೇಲಾಗಿ ಮಿಠಾಯಿಯೆಂದು ನಂಬಿದ ಮಗು ಯಾರೂ ಇಲ್ಲದಾಗ ಸೀಸೆಗೇ ಕೈಹಾಕೀತು.

ಹೊತ್ತು ಮತ್ತು ಅವಧಿ

ದಿನಕ್ಕೆ ಮೂರು ಬಾರಿ ಎಂದರೆ ಸುಮಾರು 8 ಗಂಟೆಗೊಮ್ಮೆ, ಎರಡು ಬಾರಿ ಎಂದರೆ 12 ಗಂಟೆಗೊಮ್ಮೆ. ನಮಾಝಿನ ಮನೆಗಳಲ್ಲಿ ಇದನ್ನು ನೆನಪಿಡುವುದು ಸುಲಭ. ಮೂರು ಬಾರಿಯಾದರೆ ಫಜ್ರ್, ಝುಹರ್ ಮತ್ತು ಇಶಾದ ನಂತರ. ಎರಡು ಬಾರಿಯಾದರೆ ಫಜ್ರ್ ಮತ್ತು ಮಗ್ರಿಬ್‌ನ ನಂತರ. ಊಟಕ್ಕೆ ಮುಂಚೆಯೋ ನಂತರವೋ ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ಒಂದು ಸಲ ಮರೆತರೆ ನೆನಪಾದಾಗ ಕೊಡಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಸಲದ್ದನ್ನು ಒಟ್ಟಿಗೆ ಕೊಡಲೇಬಾರದು. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕೇ ಎಂದು ವೈದ್ಯರನ್ನು ಕೇಳಿ.

ಸೀಸೆ ಮುಗಿದರೆ ಚಿಕಿತ್ಸೆ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿ. 5 ಮಿ.ಲೀ.ನಂತೆ ದಿನಕ್ಕೆ ಮೂರು ಬಾರಿ ಕೊಟ್ಟರೆ 30 ಮಿ.ಲೀ. ಸೀಸೆ ಎರಡೇ ದಿನಕ್ಕೆ ಮುಗಿಯುತ್ತದೆ. ವೈದ್ಯರು ಹೇಳಿದ್ದು ಐದು ದಿನವಾದರೆ 75 ಮಿ.ಲೀ. ಬೇಕು, ಅಂದರೆ ಅಂತಹ ಮೂರು ಸೀಸೆ. ಆದರೆ ಮೂರಕ್ಕೂ ಒಮ್ಮೆಲೇ ನೀರು ಬೆರೆಸಬೇಡಿ. ಒಂದು ಮುಗಿದ ಮೇಲೆ ಇನ್ನೊಂದನ್ನು ಬೆರೆಸಿ.

ರೋಗಕ್ಕೆ ತಕ್ಕಂತೆ ಅವಧಿ ಬೇರೆ ಬೇರೆ. ಒಂದಕ್ಕೆ ಐದು ದಿನ, ಇನ್ನೊಂದಕ್ಕೆ ಹತ್ತು ದಿನ. ವೈದ್ಯರು ಹೇಳಿದ್ದಕ್ಕಿಂತ ಒಂದು ದಿನ ಕಡಿಮೆಯೂ ಬೇಡ, ಹೆಚ್ಚೂ ಬೇಡ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿದಾಗಲೇ, ಸಾಲದ ಪ್ರಮಾಣದಲ್ಲಿ ಬಳಸಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದರು. ಇಂದು ಅದು ನಮ್ಮ ಆಸ್ಪತ್ರೆಗಳ ನಿತ್ಯದ ಕಷ್ಟವಾಗಿದೆ.

ರಮಝಾನಿನಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ಔಷಧ ಬಿಟ್ಟು ಉಪವಾಸ ಹಿಡಿಯುತ್ತೇನೆಂದು ಹಠ ಮಾಡುವುದುಂಟು. ಅವರ ಉತ್ಸಾಹವನ್ನು ಮೆಚ್ಚಿ, ಆದರೆ ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ ಎಂಬುದನ್ನು ಕಲಿಸಿ. ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ವಿಧೇಯತೆಯೇ.

ಉಳಿದ ಔಷಧ ದಾನವಲ್ಲ

ಕೋರ್ಸ್ ಪೂರ್ತಿಯಾದ ಮೇಲೂ ಸೀಸೆಯಲ್ಲಿ ಸ್ವಲ್ಪ ಉಳಿಯಬಹುದು. ಅದನ್ನು ಮುಂದಿನ ಜ್ವರಕ್ಕೆಂದು ಇಡಬೇಡಿ, ನೆರೆಮನೆಯ ಮಗುವಿಗೂ ಕೊಡಬೇಡಿ. ನೆರೆಯವರಿಗೆ ನೆರವಾಗುವುದು ಪುಣ್ಯಕಾರ್ಯ. ಆದರೆ ಈ ಸೀಸೆಯಲ್ಲಿರುವುದು ಸದಕವಲ್ಲ, ಇನ್ನೊಬ್ಬರ ಮಗುವಿನ ತೂಕಕ್ಕೆ ಬರೆದ ಔಷಧ. ಬಳಸಿದ ಚಹಾಪುಡಿಯಲ್ಲೋ ಬೂದಿಯಲ್ಲೋ ಬೆರೆಸಿ, ಮಕ್ಕಳ ಕೈಗೆ ಸಿಗದಂತೆ ಕಟ್ಟಿ ಕಸಕ್ಕೆ ಹಾಕಿ. ನೆರೆಯವರ ಬಳಿ ಹಣವಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗುವ ಖರ್ಚು ಕೊಡಿ. ಅದು ನಿಜವಾದ ಸದಕ.

ತಡಮಾಡಬಾರದ ಸಂದರ್ಭಗಳು

ಔಷಧ ಕೊಡುವಾಗ ಸ್ವಲ್ಪ ಭೇದಿಯಾಗುವುದುಂಟು. ಓಆರ್‌ಎಸ್ ಕುಡಿಸಿ, ಹೆಚ್ಚಾದರೆ ಅಥವಾ ರಕ್ತ ಕಂಡರೆ ವೈದ್ಯರಿಗೆ ತಿಳಿಸಿ. ಮೈಮೇಲೆ ದದ್ದು ಎದ್ದರೆ ಮುಂದಿನ ಸಲದ ಔಷಧ ಕೊಡುವ ಮೊದಲು ವೈದ್ಯರನ್ನು ಕೇಳಿ. ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಔಷಧ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಿಂದೆ ಯಾವುದಾದರೂ ಔಷಧ ಒಗ್ಗದಿದ್ದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟು ಪ್ರತಿ ವೈದ್ಯರಿಗೂ ತೋರಿಸಿ.

ಎರಡು ಮೂರು ದಿನ ಸರಿಯಾಗಿ ಕೊಟ್ಟರೂ ಗುಣ ಕಾಣದಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ. ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ ರಾತ್ರಿಯಾದರೂ ಕಾಯಬೇಡಿ. ಮಗು ಅಳದೆ ಶಾಂತವಾಗಿರುವಾಗ ಒಂದು ನಿಮಿಷದ ಉಸಿರನ್ನು ಎಣಿಸಿ. 2ರಿಂದ 11 ತಿಂಗಳ ಮಗುವಿನಲ್ಲಿ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿನಲ್ಲಿ 40 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು. ಎರಡು ತಿಂಗಳೊಳಗಿನ ಹಸುಳೆಗೆ ಜ್ವರ ಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಪ್ರಿಯ ಓದುಗರೇ, ಇಂದು ಈ ಸಂಚಿಕೆಯನ್ನು ಮಡಚಿಟ್ಟ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಕಪಾಟನ್ನೋ ಫ್ರಿಜ್ಜನ್ನೋ ತೆರೆದು ನೋಡಿ. ಹಳೆಯ ಜ್ವರದ ಅರ್ಧ ಸೀಸೆಯೊಂದು ಅಲ್ಲಿ ಕುಳಿತಿರಬಹುದು. ಅದನ್ನು ತೆಗೆದುಹಾಕಿ. ಈಗ ಮಗುವೊಂದು ಔಷಧ ಕುಡಿಯುತ್ತಿದ್ದರೆ, ಇನ್ನೆಷ್ಟು ದಿನ ಬಾಕಿಯಿದೆ ಎಂದು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಿಸ್ಮಿಲ್ಲಾಹ್ ಹೇಳಿ ಅಳೆದು ಕೊಡಿ, ಗುಣಪಡಿಸುವವನಲ್ಲಿ ಬೇಡಿಕೊಳ್ಳಿ.

ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಪೂರ್ಣ ಆರೋಗ್ಯವನ್ನು ಕರುಣಿಸಲಿ. ಆಮೀನ್.