ಮರಳಿ ಮರಳಿ ಮೊದಲಾಗುವ ಗಣಕಯಂತ್ರ

ಗುಂಡಿಯನ್ನು ಒತ್ತಿದೊಡನೆ ತಯಾರಕರ ಲಾಂಛನ ಮೂಡುತ್ತದೆ, ಪರದೆ ಕಪ್ಪಾಗುತ್ತದೆ, ಮರುಕ್ಷಣವೇ ಅದೇ ಲಾಂಛನ ಮತ್ತೆ ಕಾಣಿಸಿಕೊಳ್ಳುತ್ತದೆ. ಹಿಂದಿನ ದಿನ ಲಿನಕ್ಸ್ ವ್ಯವಸ್ಥೆಗೆ ಹೊಸ ಕರ್ನೆಲ್ ಬಂದಿತ್ತೆಂಬುದೊಂದೇ ವಿಶೇಷ. ಇಂಥ ಸಮಯದಲ್ಲಿ ಅನೇಕರು ಡಿಸ್ಕನ್ನೇ ಅಳಿಸಿ, ಎಲ್ಲವನ್ನೂ ಹೊಸದಾಗಿ ಸ್ಥಾಪಿಸಲು ಹೊರಡುವುದುಂಟು. ವರ್ಷದ ಟಿಪ್ಪಣಿಗಳೂ ಪ್ರಬಂಧದ ಕರಡೂ ನಾಶವಾಗುವುದು ಈ ಚಿಕಿತ್ಸೆಯಿಂದಲೇ. ಕರ್ನೆಲ್ ಬದಲಾಗುವಾಗ ನಮ್ಮ ಕಡತಗಳಿಗೆ ಅದು ಕೈ ಹಚ್ಚಿರುವುದಿಲ್ಲ.

ಕರ್ನೆಲ್ ಎಂದರೆ ತಿರುಳು. ಯಂತ್ರದ ಭಾಗಗಳೆಲ್ಲವನ್ನೂ ಆಳುವ ಈ ಕ್ರಮವಿಧಿಯನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಪ್ರಕಟಿಸಿದನು. ಯಂತ್ರ ಎಚ್ಚೆತ್ತಾಗ ಗ್ರಬ್ ಎಂಬ ಪುಟ್ಟ ಕ್ರಮವಿಧಿಯು ಕರ್ನೆಲನ್ನೂ, ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟನ್ನೂ ಮೆಮೊರಿಗೆ ತಂದಿಡುತ್ತದೆ. ಗಂಟೇಕೆ? ಡಿಸ್ಕನ್ನು ಓದಬಲ್ಲ ಚಾಲಕಗಳು ಡಿಸ್ಕಿನೊಳಗೇ ಇದ್ದರೆ ಅವನ್ನು ಓದುವ ಬಗೆ ಹೇಗೆ? ಆದುದರಿಂದ ಪ್ರಯಾಣಕ್ಕೆ ಬುತ್ತಿ ಕಟ್ಟುವಂತೆ ಅವನ್ನು ಮೊದಲೇ ಕಟ್ಟಿಡುತ್ತಾರೆ.

ಕರ್ನೆಲ್ ದಾರಿಗಾಣದೆ ಹೋದರೆ ಕಾರಣವನ್ನು ಪರದೆಯ ಮೇಲೆ ಬರೆದು ನಿಲ್ಲುತ್ತದೆ. ಇದಕ್ಕೆ ಪ್ಯಾನಿಕ್ ಎಂದು ಹೆಸರು. ಇಷ್ಟು ಸೆಕೆಂಡಿನ ಬಳಿಕ ಮತ್ತೆ ಪ್ರಾರಂಭಿಸು ಎಂಬ ಆಜ್ಞೆ ಮೊದಲೇ ಇದ್ದಲ್ಲಿ, ಬರೆದುದನ್ನು ತಾನೇ ಅಳಿಸಿ ಮೊದಲಿಗೆ ಮರಳುತ್ತದೆ. ಇನ್ನೂ ಕಠಿಣವಾದುದು ಮೂರುಪಟ್ಟು ದೋಷ: ಒಂದು ದೋಷವನ್ನು ನಿರ್ವಹಿಸುವಾಗ ಎರಡನೆಯದು, ಅದನ್ನು ನಿರ್ವಹಿಸುವಾಗ ಮೂರನೆಯದು ಸಂಭವಿಸಿದರೆ ಇಂಟೆಲ್ ಮಾದರಿಯ ಸಂಸ್ಕಾರಕ ಕೈಚೆಲ್ಲುತ್ತದೆ, ಒಂದಕ್ಷರವೂ ಮೂಡದೆ ಯಂತ್ರ ಮರಳಿ ಮೊದಲಾಗುತ್ತದೆ.

ಹೀಗಿರುವಲ್ಲಿ ಮೊದಲು ಮಾಡತಕ್ಕದ್ದು ಗ್ರಬ್‌ನ ಪಟ್ಟಿಯಿಂದ ಹಳೆಯ ಕರ್ನೆಲನ್ನು ಆರಿಸುವುದು. ಫೆಡೋರಾದಲ್ಲಿ ಸಾಮಾನ್ಯವಾಗಿ 3 ಕರ್ನೆಲುಗಳು ಉಳಿದಿರುತ್ತವೆ. ಉಬುಂಟುವಿನಲ್ಲಿ ಪಟ್ಟಿ ಕಾಣದಿದ್ದರೆ ಲಾಂಛನ ಮೂಡಿದ ಕೂಡಲೇ ಎಸ್ಕೇಪ್ ಕೀಲಿಯನ್ನು, ಹಳೆಯ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಬೇಕು. ಹಳೆಯ ಕರ್ನೆಲ್ ನಡೆದರೆ ದೋಷ ಹೊಸದರಲ್ಲಿಯೋ ಅದರ ಗಂಟಿನಲ್ಲಿಯೋ ಇರುವುದು ಬಹುಮಟ್ಟಿಗೆ ನಿಶ್ಚಯ. ಅದೂ ಮರಳಿ ಮೊದಲಾದರೆ, ಕರ್ನೆಲಿನ ಬದಲಾವಣೆ ಕಾಕತಾಳೀಯವಾಗಿರಬಹುದು. ಮೆಮೊರಿಯನ್ನೂ ವಿದ್ಯುತ್ ಪೂರೈಕೆಯನ್ನೂ ಪರೀಕ್ಷಿಸುವುದು ಲೇಸು.

ಇನ್ನು ಸಾಕ್ಷ್ಯ. ಪಟ್ಟಿಯಲ್ಲಿ ಹೊಸ ಕರ್ನೆಲಿನ ಮೇಲೆ ನಿಂತು ಇಂಗ್ಲಿಷಿನ ಇ ಅಕ್ಷರವನ್ನು ಒತ್ತಿ. ಲಿನಕ್ಸ್ ಎಂದು ಮೊದಲಾಗುವ ಸಾಲಿನಿಂದ ಕ್ವಯಟ್, ಸ್ಪ್ಲಾಶ್ ಎಂಬ ಪದಗಳನ್ನು ತೆಗೆದು, ಕೊನೆಗೆ ಪ್ಯಾನಿಕ್=0 ಎಂದು ಇಂಗ್ಲಿಷ್ ಲಿಪಿಯಲ್ಲಿ ಸೇರಿಸಿ ಎಫ್ 10 ಒತ್ತಿ. ಈ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ, ಅಂಜಬೇಕಾದುದಿಲ್ಲ. ಡಿಸ್ಕ್ ಇನ್ನೂ ಕೈಗೆ ಸಿಗದಿರುವಾಗ ದಾಖಲೆ ಎಲ್ಲಿಯೂ ಉಳಿಯದು. ಆದ್ದರಿಂದ ಓಡುವ ಸಾಲುಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನವಾಗಿ ನೋಡಿರಿ.

ಮೂಲ ಕಡತವ್ಯವಸ್ಥೆ ಸಿಗಲಿಲ್ಲವೆಂಬುದು ಕೊನೆಯ ಮಾತಾಗಿದ್ದರೆ ಗಂಟು ಸರಿಯಾಗಿ ಕಟ್ಟಲ್ಪಟ್ಟಿಲ್ಲ. ಬೂಟ್ ವಿಭಾಗದಲ್ಲಿ ಜಾಗ ತುಂಬಿಹೋಗಿರುವುದು ಇದಕ್ಕೆ ಆಗಾಗ ಕಾರಣ. ಜಾಗ ತೆರವು ಮಾಡಿ, ಹಳೆಯ ಕರ್ನೆಲಿನಲ್ಲಿದ್ದುಕೊಂಡೇ ಹೊಸದರ ಗಂಟನ್ನು ಪುನಃ ಕಟ್ಟಬಹುದು: ಡೆಬಿಯನ್ ಬಳಗದಲ್ಲಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್, ಫೆಡೋರಾದಲ್ಲಿ ಡ್ರಾಕಟ್. ಚಿತ್ರಫಲಕದ ಚಾಲಕದ ಬಳಿ ನಿಂತರೆ ನೋಮೋಡ್‌ಸೆಟ್ ಎಂಬ ಪದವನ್ನು ಸೇರಿಸಿ ನೋಡಬೇಕು. ಎರಡನ್ನೂ ಒಟ್ಟಿಗೆ ಮಾಡಬಾರದು; ಗುಣವಾದುದು ಯಾವುದರಿಂದೆಂದು ತಿಳಿಯದೆ ಹೋಗುತ್ತದೆ.

ದೋಷ ಕರ್ನೆಲಿನದೇ ಆದರೆ? ಒಂದು ಆವೃತ್ತಿಯಿಂದ ಮುಂದಿನದಕ್ಕೆ 10,000ಕ್ಕೂ ಮಿಕ್ಕಿ ಬದಲಾವಣೆಗಳಾಗುವುದು ಸಾಮಾನ್ಯ. ಟೋರ್ವಾಲ್ಡ್ಸನೇ 2005ರಲ್ಲಿ ರಚಿಸಿದ ಗಿಟ್ ಎಂಬ ಸಾಧನ, ಅವುಗಳ ಸಾಲನ್ನು ಅರ್ಧಕ್ಕೆ ಸೀಳುತ್ತದೆ. ನಡುವಿನ ಕರ್ನೆಲ್ ನಡೆದರೆ ದೋಷ ಉತ್ತರಾರ್ಧದಲ್ಲಿ, ಇಲ್ಲವಾದರೆ ಪೂರ್ವಾರ್ಧದಲ್ಲಿ. ಎರಡನ್ನು 14 ಸಲ ಗುಣಿಸಿದರೆ 16,384 ಆಗುವುದರಿಂದ ಸುಮಾರು 14 ಪರೀಕ್ಷೆಗಳು ಸಾಕು. ಕಡೆಗೆ ಉಳಿದ ಬದಲಾವಣೆಯ ಜೊತೆಗೆ ಅದನ್ನು ಬರೆದವರ ಹೆಸರೂ ವಿಳಾಸವೂ ಇರುತ್ತವೆ. ಅವರಿಗೆ ಪತ್ರ ಬರೆಯಬಹುದು.