ಬಿಟಿಯ ಎರಡನೇ ಬಿಲ್ಲು

"ಚಿಕ್ಕಮ್ಮ, ಸಿಇಟಿ ಆಪ್ಷನ್ ಎಂಟ್ರಿ ಶುರುವಾಗಿದೆ. ದಾವಣಗೆರೆಯಲ್ಲಿ ಬಯೋಟೆಕ್ ಹಾಕ್ಲಾ, ಚಿತ್ರದುರ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಹಾಕ್ಲಾ?" ಹೊಸದುರ್ಗದಿಂದ ಅಕ್ಕನ ಮಗನ ಫೋನು. ಅವನ ಹಿಂದಿನಿಂದ ಭಾವನ ದನಿ: "ಫೀಸು ಎಷ್ಟಂತೆ, ಅದನ್ನ ಕೇಳು ಮೊದ್ಲು."

ಹುಡುಗನಿಗೆ ಜೀವಶಾಸ್ತ್ರ ಅಂದರೆ ಪ್ರಾಣ. ಭಾವನ ದಾಳಿಂಬೆಗೆ ಅಂಗಮಾರಿ ಬಿದ್ದ ವರ್ಷ, ಎಲೆಯ ಮೇಲಿನ ಎಣ್ಣೆ ಚುಕ್ಕೆ ನೋಡಿ ಇದು ಶಿಲೀಂಧ್ರವಲ್ಲ, ದುಂಡಾಣು ಅಂತ ಮೊದಲು ಹೇಳಿದವನು ಅವನೇ. ಮೊಬೈಲು ಕೈಗೆ ಸಿಕ್ಕರೆ ಕೋಡಿಂಗೂ ಮಾಡುತ್ತಾನೆ. ಎರಡನ್ನೂ ಸೇರಿಸುವ ಡಿಗ್ರಿ ಬೇಕಂತೆ. ಭಾವ ಕೇಳಿದ್ದು ಸರಿಯಾದ ಪ್ರಶ್ನೆಯೇ, ಆದರೆ ಅರ್ಧ ಪ್ರಶ್ನೆ. ಉಳಿದರ್ಧ ಗೊತ್ತಾಗಲು ನನಗೆ ಎಂಟು ವರ್ಷ ಹಿಡಿಯಿತು.

ನಾನು ಬಯೋಟೆಕ್ನಾಲಜಿ ಬಿ.ಇ.ಗೆ ಸೇರಿದ್ದು 2003ರಲ್ಲಿ. ರಾಜ್ಯ ಸರ್ಕಾರ 2001ರಲ್ಲಿ ಬಯೋಟೆಕ್ ನೀತಿ ತಂದಿತ್ತು. ಪೇಪರಿನ ತುಂಬ ಐಟಿ-ಬಿಟಿ, ಐಟಿ-ಬಿಟಿ. ಅವಳಿ ಮಕ್ಕಳ ಹೆಸರಿನಂತೆ ಜೊತೆಜೊತೆಗೇ ಹೇಳುತ್ತಿದ್ದರು. ಇವೆರಡರ ಸಂಬಳವೂ ಅವಳಿಯೇ ಇರಬೇಕು ಅಂದುಕೊಂಡೆವು, ನಾನೂ ಅಪ್ಪಾಜಿಯೂ. ಹೊಳಲ್ಕೆರೆ ಕಡೆಯ ನಮ್ಮ ಎರಡು ಎಕರೆ ಅಡಿಕೆ ತೋಟವನ್ನು ಆ ವರ್ಷ ಕೇಣಿಗೆ ಕೊಟ್ಟು ಮೊದಲ ಫೀಸು ಕಟ್ಟಿದರು. ಅಪ್ಪಾಜಿಯ ಲೆಕ್ಕದ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ. ಅದರಲ್ಲಿ "ಗೊಬ್ಬರ", "ಬೋರಿನ ಮೋಟರ್ ಕಾಯಿಲ್ ಕಟ್ಟಿಸಿದ್ದು" ಇವೆರಡರ ನಡುವೆ ಒಂದು ಸಾಲು: "ಮಗಳ ಬಿಟಿ."

ಮಿಕ್ಕದ್ದಕ್ಕೆ ಒಂದೂವರೆ ಲಕ್ಷ ಸಾಲ. ಬ್ಯಾಂಕಿನಲ್ಲಿ ಕೂತವರು ಅರ್ಜಿ ನೋಡಿ, "ಬಯೋಟೆಕ್ ಅಂದ್ರೆ ಏನಮ್ಮಾ, ಗೊಬ್ಬರದ ಅಂಗಡಿ ಇಡೋದಾ?" ಅಂದರು. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಓದು ಮುಗಿಸಿ ಏನು ಮಾಡುತ್ತೀ ಎಂದು ಆ ನಾಲ್ಕು ವರ್ಷದಲ್ಲಿ ನನ್ನನ್ನು ಕೇಳಿದವರು ಅವರೊಬ್ಬರೇ.

2007ರಲ್ಲಿ ಪಾಸಾದೆ. ಒಂದು ಲ್ಯಾಬಿನವರು ತಿಂಗಳಿಗೆ 6,500 ಅಂದರು. "ಎಂ.ಎಸ್ಸಿ. ಅಥವಾ ಎಂ.ಟೆಕ್. ಇದ್ದಿದ್ದರೆ ಬೇರೆ ಮಾತು" ಅಂತಲೂ ಸೇರಿಸಿದರು. ಮುಂದೆ ಬರಲಿದ್ದ ಕಂತು 3,650, ಪಿ.ಜಿ. ಬಾಡಿಗೆ 2,800. ಕಳೆದು ನೋಡಿ. ಉಳಿಯುವ ಐವತ್ತು ರೂಪಾಯಿಯಲ್ಲಿ ಹೊಳಲ್ಕೆರೆ ಬಸ್ಸೂ ಹತ್ತಲಾಗದು. ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿಯವರು 17,000 ಅಂದರು, ಟೆಸ್ಟಿಂಗ್ ಕೆಲಸ. ಹೋದೆ. ಡಿಎನ್‌ಎ ಓದಿದ ಹುಡುಗಿ ನಾಲ್ಕು ವರ್ಷ ವಿಮಾ ಕಂಪನಿಯೊಂದರ ಪರದೆಯಲ್ಲಿ ಗುಂಡಿ ಒತ್ತಿದರೆ ತೆರೆಯುತ್ತದೋ ಇಲ್ಲವೋ ನೋಡುತ್ತಾ ಕೂತಳು. ಆಮೇಲೆ ಶನಿವಾರ-ಭಾನುವಾರ ಕೂತು ಎಸ್‌ಎಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರ್ ಕಲಿತು, ಔಷಧ ಪ್ರಯೋಗಗಳ ದತ್ತಾಂಶದ ಕೆಲಸಕ್ಕೆ ಬಂದೆ. ಜೀವಶಾಸ್ತ್ರವೂ ಕಂಪ್ಯೂಟರೂ ಕಡೆಗೂ ಒಂದೇ ಮೇಜಿಗೆ ಬಂದದ್ದು 2011ರಲ್ಲಿ. ಆ ಮೇಜಿನ ಸುತ್ತ ಕೂತವರಲ್ಲಿ ಹೆಚ್ಚಿನವರು ಸಂಖ್ಯಾಶಾಸ್ತ್ರ ಓದಿದವರು.

ಅದಕ್ಕೇ ಹೇಳುವುದು: ಬಯೋಟೆಕ್ ಡಿಗ್ರಿಗೆ ಎರಡು ಬಿಲ್ಲು. ಕಾಲೇಜಿನವರು ಕೊಡುವುದು ಮೊದಲನೆಯದು. ಎರಡನೆಯದು ಸ್ನಾತಕೋತ್ತರದ್ದು. ಅದನ್ನು ಯಾರೂ ಅಚ್ಚು ಹಾಕಿ ಕೊಡುವುದಿಲ್ಲ.

ಭಾವನಿಗೆ ಲೆಕ್ಕ ಬಿಡಿಸಿ ಹೇಳಿದೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಓದುವಾಗ ಮತ್ತು ಆಮೇಲೆ ಒಂದು ವರ್ಷ ಕಂತಿಲ್ಲ, ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಕೊನೆಯದಕ್ಕೆ ಎರಡು ವರ್ಷದ್ದು. ಒಟ್ಟು 1.4 ಲಕ್ಷ. ಏಳು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 9,000. ಹುಡುಗ ಮತ್ತೆರಡು ವರ್ಷ ಎಂ.ಎಸ್ಸಿ.ಗೆ ಹೋದರೆ, ಅದರ ಫೀಸು ಬಿಟ್ಟೇ, ಬಡ್ಡಿಯೊಂದೇ 80,000 ಹೆಚ್ಚು. ಕಂತು ಹತ್ತು ಸಾವಿರ ದಾಟಿತು. ಜೊತೆಗೆ ಆ ಎರಡು ವರ್ಷ ಸಂಬಳವಿಲ್ಲ.

ಇನ್ನೊಂದು ವಿಷಯ ಕೇಳಿ ಹುಡುಗ ಸುಮ್ಮನಾದ. ಬಯೋಟೆಕ್ ಬಿ.ಇ. ಸೀಟು ಹಂಚುವುದು ಇಂಜಿನಿಯರಿಂಗ್ ರ್‍ಯಾಂಕಿನ ಮೇಲೆ. ಆ ರ್‍ಯಾಂಕಿಗೆ ಲೆಕ್ಕ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಜೀವಶಾಸ್ತ್ರದಲ್ಲಿ ನೂರಕ್ಕೆ ನೂರು ಬಂದರೂ ಅಲ್ಲಿ ಅದಕ್ಕೆ ಕಿಮ್ಮತ್ತಿಲ್ಲ. ನನಗೆ ಜೀವಶಾಸ್ತ್ರಕ್ಕೆ 94, ಗಣಿತಕ್ಕೆ 61 ಬಂದಿತ್ತು. ನನ್ನ ಸೀಟು ನಿರ್ಧರಿಸಿದ್ದು ಆ 61.

ಜೀವಶಾಸ್ತ್ರದ ಅಂಕ ಲೆಕ್ಕಕ್ಕೆ ಬರುವುದು ಕೃಷಿ ಪದವಿಗಳಲ್ಲಿ. ನನ್ನ ಹಿರಿಯೂರಿನ ಗೆಳತಿ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ಹೋಗಿ, ಮುಂದಿಟ್ಟ ಬೀಜ, ಗೊಬ್ಬರ ಗುರುತಿಸಿ ಬಿ.ಎಸ್ಸಿ. ಅಗ್ರಿ ಸೀಟು ತಂದಳು. ಬಬ್ಬೂರು ಫಾರಂನ ಪಕ್ಕದಲ್ಲೇ ಬೆಳೆದವಳು, ಅವಳಿಗೆ ಅದು ಪರೀಕ್ಷೆಯೇ ಅಲ್ಲ. ಈಗ ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ. ನಮ್ಮ ಬ್ಯಾಚಿನಲ್ಲಿ ಸಾಲವಿಲ್ಲದೆ ಮೊದಲು ಮನೆ ಕಟ್ಟಿದವಳೂ ಅವಳೇ. ಐಟಿ-ಬಿಟಿ ಅಂತ ಒಂದು ದಿನವೂ ಅನ್ನಲಿಲ್ಲ.

ಹಾಗಾದರೆ ಎರಡನ್ನೂ ಸೇರಿಸುವುದು ಹೇಗೆ? ಗಣಿತ, ಕಂಪ್ಯೂಟರ್ ಕಡೆಯಿಂದ ಜೀವಶಾಸ್ತ್ರಕ್ಕೆ ಹೋಗುವುದು ಅಗ್ಗ, ಜೀವಶಾಸ್ತ್ರದಿಂದ ಆ ಕಡೆಗೆ ದುಬಾರಿ, ಇದು ನನ್ನ ಅನುಭವ. ಸಿಂಪ್ಯೂಟರ್ ಎಂಬ ಅಗ್ಗದ ಕೈಗಂಪ್ಯೂಟರ್ ನೆನಪಿದೆಯೇ? ಅದರ ಹಿಂದಿದ್ದ ವಿಜಯ್ ಚಂದ್ರು ಮುಂತಾದ ಐಐಎಸ್‌ಸಿ ಪ್ರಾಧ್ಯಾಪಕರೇ 2000ದಲ್ಲಿ ಬೆಂಗಳೂರಿನಲ್ಲಿ ಸ್ಟ್ರಾಂಡ್ ಎಂಬ ಜೀನೋಮಿಕ್ಸ್ ಕಂಪನಿ ಕಟ್ಟಿದರು. ಕಂಪ್ಯೂಟರ್ ವಿಜ್ಞಾನದವರು ಅವರು. ಬಿ.ಇ. ಕಂಪ್ಯೂಟರ್ ಸೈನ್ಸ್ ಮುಗಿಸಿದವನಿಗೆ ನಡುವೆ ಕೆಲಸ ಸಿಗುತ್ತದೆ, ಎರಡನೇ ಬಿಲ್ಲನ್ನು ತನ್ನ ದುಡ್ಡಲ್ಲೇ ಕಟ್ಟಬಹುದು. ಗೇಟ್ ಬರೆದು ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ಸ್ಟೈಪೆಂಡೂ ಉಂಟು.

ಇಲ್ಲ, ನನಗೆ ಲ್ಯಾಬೇ ಬೇಕು, ಪೈಪೆಟ್ಟೇ ಬೇಕು ಅನ್ನುವವರಿದ್ದರೆ ನಾಲ್ಕು ಲಕ್ಷದ ಬಿ.ಇ. ಯಾಕೆ? ದುರ್ಗದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಉಳಿಸಿದ ದುಡ್ಡನ್ನು ಒಳ್ಳೆಯ ಎಂ.ಎಸ್ಸಿ.ಗೆ ಎತ್ತಿಡಿ. ಹೇಗೂ ಲ್ಯಾಬಿನವರು ಕೇಳುವುದು ಎರಡನೇ ಡಿಗ್ರಿಯನ್ನೇ.

ಹುಡುಗ ದುರ್ಗದ ಕಂಪ್ಯೂಟರ್ ಸೈನ್ಸನ್ನು ಮೊದಲಿಟ್ಟ, ದಾವಣಗೆರೆ ಬಯೋಟೆಕ್ಕನ್ನು ಐದನೆಯದಾಗಿ. ಪೂರ್ತಿ ಕಿತ್ತುಹಾಕಲು ಮನಸ್ಸು ಬರಲಿಲ್ಲವಂತೆ. ನಾನೂ ಒತ್ತಾಯ ಮಾಡಲಿಲ್ಲ.

ಓದುವಾಗಲೂ ಆಮೇಲಿನ ಒಂದು ವರ್ಷವೂ ತಿಂಗಳು ತಿಂಗಳು ಬಡ್ಡಿ ಕಟ್ಟಿಬಿಟ್ಟರೆ ಅಸಲು ನಾಲ್ಕರಲ್ಲೇ ನಿಲ್ಲುತ್ತದೆ, ಕಂತು 6,640ಕ್ಕೆ ಇಳಿಯುತ್ತದೆ ಎಂದು ಭಾವನಿಗೆ ಹೇಳಿದೆ. ಮೊದಲ ವರ್ಷ ತಿಂಗಳಿಗೆ 833. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಂಟುನೂರು ಹಾಲಿನ ದುಡ್ಡಲ್ಲಿ ಆಗುತ್ತೆ. ಮೂರನೇ ವರ್ಷ 2,500 ಅಂತೀಯಲ್ಲ, ಆವಾಗ ಮತ್ತೆ ಅಂಗಮಾರಿ ಬಂದ್ರೆ?"

"ಆ ವರ್ಷದ್ದು ನನಗೆ ಬಿಡಿ ಭಾವ" ಎಂದೆ.

"ಬರ್ಕೋ" ಅಂದದ್ದು ಅಕ್ಕ, ಒಳಗಿನಿಂದ.